ಸೈಡ್ ಕೇಳಿದ ಬ್ರೇಕ್ ಇಂಜಿನಿಯರ್

ಜಾರುವುದಕ್ಕೆಂದೇ ದೂರದ ಬೆಟ್ಟಕ್ಕೆ ಹೋಗುವ ಜನರ ಬಗ್ಗೆ ನನಗೆ ಮೊದಲಿನಿಂದಲೂ ಅಂಥ ಗೌರವವಿಲ್ಲ. ಮೈಸೂರಿನ ನಮ್ಮ ಮನೆಯ ಬಚ್ಚಲಿನ ಪಾಚಿಯ ಮೇಲೆ ಮನೆಯವರೆಲ್ಲ ಪುಕ್ಕಟೆಯಾಗಿ ಜಾರಿದ್ದೇವೆ. ಅದಕ್ಕಾಗಿ ಯಾರೂ ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿಕೊಂಡಿರಲಿಲ್ಲ. ಟೋಕಿಯೋ ಪಕ್ಕದ ಉರಯಾಸುವಿಗೆ ಬಂದ ಮೇಲೆ ನೋಡಿದರೆ, ಜನವರಿ ಬಂತೆಂದರೆ ನಮ್ಮ ಕನ್ನಡದ ಮನೆಗಳಿಗೆಲ್ಲ ಒಂದು ಜ್ವರ. ಯಾರ ವಾಟ್ಸಾಪ್ ತೆರೆದರೂ ಹಿಮ, ಹಿಮದ ಮೇಲೊಬ್ಬ ಗಂಡಸು, ಎರಡು ಕೈಯಲ್ಲೂ ಕೋಲು, ಮುಖದಲ್ಲಿ ಹಿಮಾಲಯ ಹತ್ತಿ ಇಳಿದ ಗಾಂಭೀರ್ಯ. ಫೋಟೋ ತೆಗೆದದ್ದು ಟಿಕೆಟ್ ಕೌಂಟರಿನ ಎದುರಿಗೆ ಎಂಬುದು ಹಿಂದೆ ಕಾಣುವ ಐಸ್‌ಕ್ರೀಂ ಬೋರ್ಡಿನಿಂದ ಗೊತ್ತಾಗುತ್ತಿತ್ತು.

ನಾವು ಇಲ್ಲಿಗೆ ಬಂದದ್ದು ದೊಡ್ಡ ಭೂಕಂಪವಾದ ಮೇಲಿನ ವರ್ಷಗಳಲ್ಲಿ. ಉರಯಾಸುವಿನ ಕೆಲವು ಬೀದಿಗಳಲ್ಲಿ ಆಗಲೂ ಫುಟ್‌ಪಾತು ಸೊಟ್ಟಗಿತ್ತು. ಮಗಳು ಇಲ್ಲಿಯ ಸರ್ಕಾರಿ ಶಾಲೆಗೆ ಸೇರಿದಳು. ಅಲ್ಲಿ ಪ್ರತಿ ಮಗುವಿನ ಕುರ್ಚಿಗೂ ತಲೆ ಮುಚ್ಚಿಕೊಳ್ಳುವ ದಪ್ಪ ಹತ್ತಿಯ ಕುಲಾವಿಯೊಂದನ್ನು ಕಟ್ಟಿರುತ್ತಾರೆ. ಗಂಟೆ ಬಾರಿಸಿದ ಕೂಡಲೇ ಅದನ್ನು ಹಾಕಿಕೊಂಡು ಮೇಜಿನ ಕೆಳಗೆ ಕೂತುಬಿಡಬೇಕು, ಯಾಕೆ ಏನು ಎಂದು ಕೇಳಬಾರದು. ದೊಡ್ಡವರು ಹೇಳಿದ್ದನ್ನು ಹೇಳಿದ ಕ್ಷಣದಲ್ಲಿ ಮಾಡುವುದು ಅವಳಿಗೆ ಅಲ್ಲಿ ಬಂತು. ಮನೆಯಲ್ಲಿ ನಾವು ಹೇಳಿಕೊಟ್ಟದ್ದೂ ಅದನ್ನೇ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ, ಇಲ್ಲವೇ ಎಲ್ಲ ಬೆರೆಸಿಯೋ ಬರುತ್ತಿತ್ತು.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗಿನ ಸಂಕ್ರಾಂತಿಗೆ ನನ್ನ ಗಂಡನ ಗೆಳೆಯನೊಬ್ಬ ಹೆಂಡತಿಯ ಜತೆ ಬೈಕಿನ ಕಾರ್ಖಾನೆಗಳ ಊರಾದ ಹಮಾಮತ್ಸುವಿನಿಂದ ನಮ್ಮ ಮನೆಗೆ ಬಂದ. ಇಬ್ಬರೂ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಒಂದೇ ಬೆಂಚಿನವರು. ನನ್ನ ಗಂಡ ಸಾಫ್ಟ್‌ವೇರಿಗೆ ಬಿದ್ದರು, ಈ ಮಹಾನುಭಾವ ಬೈಕಿನ ಬ್ರೇಕು ಮಾಡುವ ಕಡೆ ಹೋದ. ಬ್ರೇಕು ಬಿಟ್ಟರೆ ಆತನಿಗೆ ಬೇರೆ ಮಾತಿಲ್ಲ. ಟ್ರೇನು ನಿಂತರೆ ಅದು ನಿಂತದ್ದು ಹೇಗೆ ಎಂದು ಪಕ್ಕದವರಿಗೆ ವಿವರಿಸುತ್ತಾನೆ. ಬಂದ ಸಂಜೆಯೇ ಕೆಳಗೆ ನಿಲ್ಲಿಸಿದ್ದ ನನ್ನ ಮಗಳ ಸೈಕಲ್ಲಿನ ಬ್ರೇಕು ಒತ್ತಿ ನೋಡಿ, ವೈದ್ಯರು ನಾಡಿ ಹಿಡಿದ ಹಾಗೆ ಮುಖ ಮಾಡಿ, ಚ್ಚು ಚ್ಚು ಎಂದ. ಹೆಂಡತಿ ಪಾಪದವಳು. ದೊಡ್ಡ ಡಬ್ಬಿಯ ತುಂಬ ಎಳ್ಳುಬೆಲ್ಲ ಮಾಡಿಕೊಂಡು ತಂದಿದ್ದಳು. ಗಂಡ ಮಾತಾಡುತ್ತಿರುವಾಗ ಬಾಯಿ ತೆರೆಯುವ ಅಭ್ಯಾಸ ಅವಳಿಗಿರಲಿಲ್ಲ, ಗಂಡ ಮಾತು ನಿಲ್ಲಿಸುತ್ತಲೂ ಇರಲಿಲ್ಲ.

ಮಾರನೆಯ ದಿನ ನಾಗಾನೋ ಕಡೆಯ ಒಂದು ಬೆಟ್ಟಕ್ಕೆ ಸ್ಕೀ ಬಸ್ಸಿನಲ್ಲಿ ಹೊರಟೆವು. ಮಗಳ ಶಾಲೆಯ ಗೆಳತಿಯರೆಲ್ಲ ಸ್ಕೀ ಬಲ್ಲವರು, ತನಗೂ ಕಲಿಯಬೇಕು ಎಂದು ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು. ನಾನು ಒಪ್ಪಿದ್ದು ಅವಳಿಗಾಗಿ. ಆ ಗೆಳೆಯ ಹೊರಟದ್ದು ಫೋಟೋಕ್ಕಾಗಿ. ಕಿತ್ತಳೆ ಬಣ್ಣದ ಹೊಸ ಜಾಕೀಟು, ಅದೇ ಬಣ್ಣದ ಪ್ಯಾಂಟು, ಕನ್ನಡಿಯ ಹಾಗೆ ಹೊಳೆಯುವ ಕನ್ನಡಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅದಕ್ಕೆ ಕೈಕಾಲು ಬಂದರೆ ಹಾಗಿರುತ್ತದೆ. ಜೀವಮಾನದಲ್ಲಿ ಆತ ಸ್ಕೀ ಕಟ್ಟಿರಲಿಲ್ಲ.

ಬಸ್ಸಿನಲ್ಲಿ ಉಪನ್ಯಾಸ ಶುರುವಾಯಿತು.

"ಮಗಾ, ಸ್ಕೀಯಿಂಗ್ ಅಂದ್ರೆ ಏನೂ ಇಲ್ಲ ಕಣೋ. ಎಲ್ಲಾ ಫ್ರಿಕ್ಷನ್. ಫ್ರಿಕ್ಷನ್ ಅರ್ಥ ಆದ್ರೆ ಮುಗೀತು."

"ಹೌದಾ?" ಎಂದರು ನನ್ನ ಗಂಡ. ಕಾಲೇಜಿನ ಗೆಳೆಯರು ಸಿಕ್ಕರೆ ಅವರ ಬಾಯಿಂದ ಬರುವುದು ಅದೊಂದೇ ಪದ.

"ಮತ್ತೆ? ಬೈಕ್ ಆಗ್ಲಿ ಸ್ಕೀ ಆಗ್ಲಿ, ನಿಲ್ಲಿಸೋದು ನಿಲ್ಲಿಸೋದೇ."

ಮುಂದಿನ ಸೀಟಿನ ಜಪಾನಿ ಮುದುಕರೊಬ್ಬರು ತಿರುಗಿ ನೋಡಿದರು. ಬಸ್ಸಿನಲ್ಲಿ ಬೇರೆ ಯಾರೂ ಮಾತಾಡುತ್ತಿರಲಿಲ್ಲ, ಹೆಚ್ಚಿನವರು ಮಲಗಿದ್ದರು. ಆತ ಅವರಿಗೊಂದು "ಸುಮಿಮಾಸೆನ್" ಎಸೆದು ಅದೇ ದನಿಯಲ್ಲಿ ಮುಂದುವರಿಸಿದ. ಕ್ಷಮಿಸಿ ಎನ್ನುವ ಆ ಮಾತನ್ನು ಇಲ್ಲಿಯವರು ತೊಂದರೆ ಕೊಡುವುದನ್ನು ನಿಲ್ಲಿಸುವುದಕ್ಕೆ ಹೇಳುತ್ತಾರೆ. ನಮ್ಮವರಿಗೆ ಅದು ಮುಂದುವರಿಸಲು ಸಿಕ್ಕ ಪರವಾನಗಿ.

ಸ್ಕೀ ಬಾಡಿಗೆ ಕೊಡುವ ಅಂಗಡಿಯಲ್ಲಿ ಬೂಟು ಹಾಕಿಕೊಳ್ಳುವುದರಲ್ಲೇ ನನ್ನ ಅರ್ಧ ಜೀವ ಹೋಯಿತು. ಕಾಲಿಗೆ ಸಿಮೆಂಟು ಸುರಿದು ನಡೆ ಎಂದ ಹಾಗೆ ಅವು. ಮಗಳಿಗೆ ಹೆಲ್ಮೆಟ್ ತೆಗೆದುಕೊಂಡೆ, ನನಗೂ ಗಂಡನಿಗೂ ತೆಗೆದುಕೊಂಡೆ. ಗೆಳೆಯ ಕೈ ಅಡ್ಡ ಆಡಿಸಿದ.

"ಹೆಲ್ಮೆಟ್ ಬೇಡ ಮೇಡಂ. ಫೋಟೋದಲ್ಲಿ ಯಾರು ಅಂತಾನೇ ಗೊತ್ತಾಗಲ್ಲ."

ಈ ಮನುಷ್ಯ ಮನೆಯಲ್ಲಿ ನೀರು, ಬಿಸ್ಕತ್ತು, ಟಾರ್ಚು ತುಂಬಿದ ಭೂಕಂಪದ ಚೀಲವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾನೆ ಎಂದು ಹೆಂಡತಿಯೇ ಹೇಳಿದ್ದಳು. ಬೈಕಿನ ಊರಿನಲ್ಲಿ ಕೆಲಸ ಮಾಡುವವನು. ತಲೆಯೊಳಗಿನ ಮಾಲಿಗೆ ಆತನೇ ಬೆಲೆ ಕಟ್ಟಿ, ಹೆಲ್ಮೆಟ್ಟಿನ ಅಗತ್ಯವಿಲ್ಲ ಎಂದು ತೀರ್ಮಾನಿಸಿದ್ದರೆ ನಾನು ತಕರಾರು ಮಾಡಲು ಯಾರು.

ಮಗಳನ್ನು ಮಕ್ಕಳ ಕ್ಲಾಸಿಗೆ ಸೇರಿಸಿದೆ. ನಾವಿಬ್ಬರು ಏನೂ ಬಾರದ ದೊಡ್ಡವರ ಕ್ಲಾಸಿಗೆ ನಿಂತೆವು. ಗೆಳೆಯನ ಹೆಂಡತಿಗೂ ಸೇರುವ ಆಸೆ ಇತ್ತು. ನನ್ನ ಪಕ್ಕಕ್ಕೆ ಬಂದು ನಿಂತೂ ನಿಂತಿದ್ದಳು.

"ನೀನ್ಯಾಕೆ? ನಾನ್ ಹೇಳ್ಕೊಡ್ತೀನಿ ಬಾ," ಎಂದ ಆತ.

"ನೀವೂ ಕಲೀಬಹುದಲ್ಲ," ಎಂದೆ ನಾನು.

"ನನಗೆ ನಿಲ್ಲಿಸೋದು ಹೇಳ್ಕೊಡ್ತಾರಾ ಮೇಡಂ?" ಎಂದು ಆತ ಎದೆಯುಬ್ಬಿಸಿ ನಕ್ಕ. ನನ್ನ ಗಂಡನೂ ನಕ್ಕರು. ಹೆಂಡತಿ ಸಾಲಿನಿಂದ ಆಚೆ ಬಂದು ಗಂಡನ ಹಿಂದೆ ಹೊರಟಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಸ್ಕೀ ಬಿಚ್ಚಿಟ್ಟು, ವಿಶ್ರಾಂತಿ ಕೊಠಡಿಯ ಗಾಜಿನ ಹಿಂದೆ ಕೋಕೋ ಲೋಟ ಹಿಡಿದು ಕೂತಿದ್ದಳು. ಗುರುಗಳ ಪಾಠ ಅಲ್ಲಿಗೆ ಮುಗಿದಿತ್ತು.

ನಮ್ಮ ಕ್ಲಾಸಿನಲ್ಲಿ ಮೊದಲು ಹೇಳಿಕೊಟ್ಟದ್ದು ಬೀಳುವುದನ್ನು. ಬೀಳುವುದನ್ನು ಹೇಳಿಸಿಕೊಳ್ಳಲು ನಾಗಾನೋವರೆಗೆ ಬರಬೇಕಾಯಿತಲ್ಲ ಎಂದು ನನಗೆ ನಗು ಬಂತು. ಆದರೆ ಅದಕ್ಕೂ ಒಂದು ಕ್ರಮವಿತ್ತು. ಮುಂದಕ್ಕೆ ಬೀಳಬಾರದು, ಕೈ ಊರಬಾರದು, ಬೆಟ್ಟದ ಕಡೆಗೆ ಪಕ್ಕಕ್ಕೆ ಕುಂಡೆ ಊರಿ ಕೂತುಬಿಡಬೇಕು. ಆಮೇಲೆ ನಿಲ್ಲುವುದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಮ್ಮಡಿ ಅಗಲ, ಮಂಡಿ ಸ್ವಲ್ಪ ಬಗ್ಗಿಸಿ ಒತ್ತಿದರೆ ವೇಗ ಸಾಯುತ್ತದೆ. ಕೊನೆಗೊಂದು ನಿಯಮ. ಈ ಬೆಟ್ಟದಲ್ಲಿ ಕೆಳಗಿರುವವರಿಗೆ ಬೆನ್ನ ಹಿಂದೆ ಕಣ್ಣಿಲ್ಲ, ಆದ್ದರಿಂದ ಮೇಲಿಂದ ಬರುವವನೇ ನೋಡಿಕೊಂಡು ತಪ್ಪಿಸಬೇಕು, ತಪ್ಪಿಸಲು ಬಾರದಿದ್ದರೆ ನಿಲ್ಲಬೇಕು. ಸುಧಾರಿಸಿಕೊಳ್ಳುವುದಿದ್ದರೆ ದಾರಿಯ ನಡುವೆ ಅಲ್ಲ, ಅಂಚಿಗೆ ಹೋಗಿ ನಿಲ್ಲಬೇಕು. ಅಷ್ಟೇ. ಮಕ್ಕಳಿಗೂ ಅದನ್ನೇ ಹೇಳಿಕೊಟ್ಟರಂತೆ. ಇದರಲ್ಲಿ ಇಂಜಿನಿಯರಿಂಗ್ ಡಿಗ್ರಿ ಬೇಕಾಗುವಂಥದ್ದು ನನಗೇನೂ ಕಾಣಲಿಲ್ಲ.

ನಾನು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ನನ್ನ ಗಂಡ ಸ್ಕೀ ಅಗಲಿಸಿದ್ದು ಹೆಚ್ಚಾಗಿ, ತನ್ನ ಪಾಡಿಗೆ ನಿಂತಿದ್ದ ಒಂದು ಬೇಲಿಯನ್ನು ತಬ್ಬಿಕೊಂಡರು. ಅದರ ನಡುವೆ ಬೆಟ್ಟದ ಮೇಲಿನಿಂದ ಒಂದು ಕಿತ್ತಳೆ ಬಣ್ಣ ಆಗಾಗ ಕೆಳಗಿಳಿಯುವುದು ಕಾಣುತ್ತಿತ್ತು, ಅದಕ್ಕಿಂತ ಮೊದಲು ಕೇಳುತ್ತಿತ್ತು. "ಸುಮಿಮಾಸೆನ್! ಸುಮಿಮಾಸೆನ್! ಸೈಡ್! ಸೈಡ್!" ಸ್ಕೀಗಳು ರೈಲು ಕಂಬಿಯ ಹಾಗೆ ನೇರ, ಮಂಡಿ ನೇರ, ಕೋಲು ಹಿಡಿದ ಕೈ ಎರಡೂ ಆಕಾಶಕ್ಕೆ. ಎದುರಿಗಿದ್ದವರು ಹೆದರಿ ಚದುರಿದರು. ಬುಡದಲ್ಲಿ ಕಟ್ಟಿದ ಬಲೆಗೆ ಹೋಗಿ ಬಿದ್ದು ಆತ ನಿಂತ. ಎದ್ದು, ಬಾಡಿಗೆ ಸ್ಕೀಯ ಅಡಿಭಾಗ ತಿರುಗಿಸಿ ನೋಡಿ ತಲೆಯಾಡಿಸಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮಧ್ಯಾಹ್ನ ವಿಶ್ರಾಂತಿ ಕೊಠಡಿಯಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ಬಿಚ್ಚಿದೆ. ಆತ ಬಾಯಿತುಂಬ ತಿನ್ನುತ್ತ ತನ್ನ ಸಾಹಸ ಹೇಳತೊಡಗಿದ.

"ನೋಡ್ದ್ಯಾ ಮಗಾ, ಹೆಂಗೆ ದಾರಿ ಬಿಡ್ತಾರೆ! ಬೆಂಗಳೂರಲ್ಲಿ ಹಾರ್ನ್ ಹೊಡೆದ್ರೂ ಬಿಡಲ್ಲ. ಇಲ್ಲಿ ಸುಮ್ನೆ ಬಾಯಲ್ಲಿ ಹೇಳಿದ್ರೆ ಸಾಕು."

"ಕ್ಲಾಸಲ್ಲಿ ಹೇಳಿದ್ರು, ಮೇಲಿಂದ ಬರೋರೇ ತಪ್ಪಿಸ್ಬೇಕಂತೆ," ಎಂದೆ. "ಕೂಗೋದಲ್ಲ. ನಿಲ್ಲೋದು."

"ಅದೆಲ್ಲ ಥಿಯರಿ ಮೇಡಂ."

ಬೆಳಗಿನಿಂದ ಥಿಯರಿ ಬಿಟ್ಟು ಬೇರೇನೂ ಆಡದ ಬಾಯಿಯಿಂದ ಬಂದ ಮಾತು ಅದು. ನನಗೆ ಮೈ ಉರಿಯಿತು. "ಯಾರಿಗಾದ್ರೂ ಹೊಡೆದ್ರೆ ಏನ್ ಮಾಡ್ತೀರಿ?" ಎಂದು ಕೇಳಿದೆ. "ಕೂಗಿರ್ತೀನಲ್ಲ," ಎಂದ. ಅಷ್ಟು ಸರಳ. ಹಾರ್ನ್ ಹೊಡೆದವನ ಜವಾಬ್ದಾರಿ ಅಲ್ಲಿಗೆ ಮುಗಿಯಿತು, ಇನ್ನು ಉಳಿದದ್ದು ಎದುರಿಗಿದ್ದವನ ಹಣೆಬರಹ. ನಮ್ಮೂರಿನ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ನಿಂತವರಿಗೂ ಹಾರ್ನ್ ಹೊಡೆದುಕೊಂಡು ಹೋಗುತ್ತೇವೆ. ಆ ವಿದ್ಯೆಯನ್ನು ಆತ ಕಡಲು ದಾಟಿಸಿ, ಬ್ರೇಕಿನ ಕಂಪನಿ ಹೊಕ್ಕರೂ ಕೆಡಿಸಿಕೊಳ್ಳದೆ, ಈ ಬೆಟ್ಟದ ತನಕ ತಂದಿದ್ದ. ನನ್ನ ಗಂಡ ಪುಳಿಯೋಗರೆಯೊಳಗಿನ ಕಡಲೆಬೀಜ ಹುಡುಕುತ್ತ ಕೂತಿದ್ದರು.

ಊಟವಾದ ಮೇಲೆ ಮಗಳ ಕ್ಲಾಸು ಮುಗಿಯಿತು. ಅವಳಿಗೆ ತಿರುಗುವುದು, ನಿಲ್ಲುವುದು ಎರಡೂ ಬಂದಿತ್ತು. "ಅಮ್ಮಾ, ಮಿತೇತೇ," ಎಂದು ಕುಣಿದಳು. ನೋಡ್ತಾ ಇರು ಅಂತ. ಮಕ್ಕಳ ಇಳಿಜಾರಿನ ಬುಡದಲ್ಲಿ, ಬಲೆಯ ಪಕ್ಕ, ನಾನೂ ನನ್ನ ಗಂಡನೂ ಫೋನು ಹಿಡಿದು ನಿಂತೆವು. ಅಲ್ಲಿ ಇಳಿಜಾರು ಅಷ್ಟು ಕಡಿದಾಗಿಲ್ಲ, ಆದರೆ ದೊಡ್ಡವರ ದಾರಿಯೊಂದು ಮೇಲಿನಿಂದ ಬಂದು ಅದಕ್ಕೇ ಕೂಡುತ್ತದೆ. ಕೂಡುವಲ್ಲಿ ನಿಧಾನ ಎಂದು ಬರೆದ ಹಳದಿ ಬಟ್ಟೆ ಅಡ್ಡ ಕಟ್ಟಿದ್ದಾರೆ. ನಿಧಾನ ಎನ್ನುವುದು ನಿಲ್ಲಿಸಲು ಬರುವವರಿಗೆ ಬರೆದ ಮಾತು.

ಮಗಳು ಇಳಿದಳು. ಎಡಕ್ಕೊಂದು ತಿರುವು, ಬಲಕ್ಕೊಂದು ತಿರುವು. ಅರ್ಧ ದಾರಿಯಲ್ಲಿ ಅವಳ ಕನ್ನಡಕ ಮಂಜಾಯಿತು ಎಂದು ಕಾಣುತ್ತದೆ. ಅಂಚಿಗೆ ಹೋಗಿ, ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಮಾಡಿ, ನೀಟಾಗಿ ನಿಂತು ಒರೆಸಿಕೊಳ್ಳತೊಡಗಿದಳು. ಅವಳ ಪಕ್ಕದಲ್ಲಿ ಅವಳದೇ ಕ್ಲಾಸಿನ ಇನ್ನಿಬ್ಬರು ಜಪಾನಿ ಹುಡುಗಿಯರೂ ನಿಂತಿದ್ದರು. ಎಷ್ಟು ಚೆನ್ನಾಗಿ ನಿಂತಳು ಎಂದು ನಾನು ಬೀಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ. ಆದರೆ ನನ್ನ ಹೆಗ್ಗಣ ನಿಜಕ್ಕೂ ಚೆನ್ನಾಗಿ ನಿಂತಿತ್ತು.

ಆಗ ಮೇಲಿನಿಂದ ಕಿತ್ತಳೆ ಬಣ್ಣ ಬಂತು. ದಾರಿಯ ನಟ್ಟನಡುವೆ, ನೇರ. ಮಕ್ಕಳು ನಿಂತದ್ದು ಅಂಚಿನಲ್ಲಿ. ಆತ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಯಾರಿಗೂ ತಗಲದೆ ಇಳಿದು ಮಾಮೂಲಿನಂತೆ ಬಲೆಗೆ ಬೀಳುತ್ತಿದ್ದ. ಆದರೆ ಹಾರ್ನ್ ಹೊಡೆಯದೆ ಹೇಗೆ ಹೋಗುವುದು? ನನ್ನ ಮಗಳ ಹೆಲ್ಮೆಟ್ ಗುರುತು ಹಿಡಿದು ಕನ್ನಡದಲ್ಲೇ ಕೂಗಿದ.

"ಪುಟ್ಟೀ! ಸೈಡ್! ಸೈಡಿಗ್ ಹೋಗು!"

ಜಪಾನಿ ಹುಡುಗಿಯರಿಗೆ ಏನೂ ಅರ್ಥವಾಗಲಿಲ್ಲ. ಅವರು ನಿಂತಲ್ಲೇ ನಿಂತರು, ಅವರಿಗೆ ಏನೂ ಆಗಲಿಲ್ಲ. ಇಡೀ ಬೆಟ್ಟದಲ್ಲಿ ಆ ಮಾತು ಅರ್ಥವಾಗುವ ಮಗು ನನ್ನದೊಂದೇ. ಅವಳು ತಲೆಯೆತ್ತಿದಳು. ದೊಡ್ಡವರು ಸೈಡಿಗೆ ಹೋಗು ಎನ್ನುತ್ತಿದ್ದಾರೆ. ಅವಳು ನಿಂತದ್ದೇ ಸೈಡಿನಲ್ಲಿ. ಹಾಗಾದರೆ ಅವರು ಹೇಳುವುದು ಆಚೆಯ ಸೈಡೇ ಇರಬೇಕು. ಕೋಲು ಊರಿ ದಾರಿಗೆ ಅಡ್ಡವಾಗಿ ಹೊರಟಳು, ಆದಷ್ಟು ಬೇಗ, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ನಾನು "ಬೇಡ" ಎಂದು ಕಿರುಚಿದೆ. ಅದು ಅವಳಿಗೆ ಕೇಳಿಸಲಿಲ್ಲ. ದಾರಿಯ ನಡುವೆ ಆತ ಬಂದು ಅವಳಿಗೆ ಹೊಡೆದ.

ಇಬ್ಬರೂ ಉರುಳಿದರು. ಅವಳ ಒಂದು ಸ್ಕೀ ಬಿಚ್ಚಿಕೊಂಡು ಒಂದೇ ಜಾರುತ್ತ ನಮ್ಮ ತನಕ ಬಂತು. ನಾನು ಆ ಸಿಮೆಂಟು ಬೂಟಿನಲ್ಲಿ ಮೇಲಕ್ಕೆ ಹತ್ತಿದ್ದು ಹೇಗೋ ನನಗೆ ಗೊತ್ತಿಲ್ಲ. ತಲೆ, ಕತ್ತು, ಕಾಲು ಎಲ್ಲ ಮುಟ್ಟಿ ನೋಡಿದೆ. ಹೆಲ್ಮೆಟ್ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು. ಅದಿಲ್ಲದಿದ್ದರೆ ಎಂದು ಈಗಲೂ ಯೋಚಿಸುವುದಿಲ್ಲ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದಳು, ಅಳುತ್ತಿರಲಿಲ್ಲ. ಆತ ಎದ್ದು ಕೂತು ಮೊದಲು ಹುಡುಕಿದ್ದು ಕನ್ನಡಕವನ್ನು.

ಕೆಂಪು ಅಂಗಿಯ ಗಸ್ತಿನವರು ಬಂದು ಅವಳನ್ನು ಜಾರುಬಂಡಿಯ ಮೇಲೆ ಮಲಗಿಸಿ ಪ್ರಥಮ ಚಿಕಿತ್ಸೆಯ ಕೋಣೆಗೆ ಒಯ್ದರು. ಕೈಗೆ ಹಲಗೆ ಕೊಟ್ಟು ಕಟ್ಟಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿರಬಹುದು, ಕೆಳಗಿನ ಊರಿನ ಕ್ಲಿನಿಕ್ಕಿಗೆ ಕಾರಿನಲ್ಲಿ ಕಳಿಸುತ್ತೇವೆ, ಸ್ವಲ್ಪ ಕಾಯಿರಿ ಎಂದರು. ಎಕ್ಸ್‌ರೇಯಲ್ಲಿ ಆಮೇಲೆ ಅದೇ ಕಂಡಿತು.

ಆ ಕಾಯುವ ಹೊತ್ತಿನಲ್ಲಿ ಆತ ಒಳಗೆ ಬಂದ. ಬಂದವನೇ ಗಸ್ತಿನವರ ಮುಂದೆ ಸೊಂಟ ಬಗ್ಗಿಸಿದ. ಎಂಥ ಬಗ್ಗುವಿಕೆ! ಆಫೀಸಿನಲ್ಲಿ ಕಲಿತ ಅತಿ ಉದ್ದದ ಕ್ಷಮೆಯ ಮಾತನ್ನು, ಒಂದು ಅಕ್ಷರ ತಪ್ಪದೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ. ಬಾಗಿಲು ತೆರೆದು ಕೊಟ್ಟವನಿಗೂ ಹೇಳಿದ. ಆ ಸೊಂಟ ಬಗ್ಗುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಸಾಕ್ಷಿ ಹೇಳುತ್ತೇನೆ, ಬಗ್ಗುತ್ತದೆ. ಆಮೇಲೆ ನೆಟ್ಟಗಾಗಿ ನನ್ನ ಮಗಳ ಮಂಚದ ಹತ್ತಿರ ಬಂದು ನಿಂತ.

ಅವಳೇ ಮೊದಲು ಬಾಯಿ ತೆರೆದಳು. ಮಲಗಿದ್ದಲ್ಲಿಂದಲೇ ತಲೆ ತಗ್ಗಿಸಲು ನೋಡಿದಳು.

"ಸುಮಿಮಾಸೆನ್, ಅಂಕಲ್. ಐ ವೆಂಟ್ ದ ರಾಂಗ್ ಸೈಡ್."

"ಪರ್ವಾಗಿಲ್ಲ ಪುಟ್ಟಿ," ಎಂದ ಆತ, ಅವಳ ಕೆನ್ನೆ ತಟ್ಟಿ. "ನೆಕ್ಸ್ಟ್ ಟೈಮ್ ನೋಡ್ಕೊಂಡು ಹೋಗು."

ಕ್ಷಮಿಸಿಬಿಟ್ಟ! ನನ್ನ ಮಗಳ ಕೈ ಮುರಿದು, ಅದನ್ನು ಉದಾರವಾಗಿ ಕ್ಷಮಿಸಿಯೂ ಬಿಟ್ಟ.

"ನೋಡಿ," ಎಂದೆ. "ಅವಳು ಸೈಡಲ್ಲೇ ನಿಂತಿದ್ಲು. ನೀವು ಅವಳಿಗೆ ಸಾರಿ ಹೇಳಿ."

ಆತ ನಕ್ಕ. "ಮೇಡಂ, ನಾನ್ ಎಷ್ಟು ಕೂಗ್ದೆ ಗೊತ್ತಾ? ಅವಳೇ ಅಡ್ಡ ಬಂದ್ಲು. ನೀವೇ ನೋಡಿದ್ರಲ್ಲ."

"ಕೂಗಿದ್ರಿ. ನಿಲ್ಲಿಸಿದ್ರಾ?"

"ನಿಲ್ಲಿಸೋಕೆ ಟೈಮೆಲ್ಲಿತ್ತು?"

"ಕೂಗೋಕಿತ್ತಲ್ಲ."

ಆತನ ಮುಖ ಕೆಂಪಾಯಿತು. ಆತನ ಹಿಂದೆಯೇ ಬಂದಿದ್ದ ಹೆಂಡತಿ ನನ್ನ ತೋಳು ಹಿಡಿದಳು. "ಅಕ್ಕಾ, ಬಿಡಿ ಅಕ್ಕಾ. ಹಬ್ಬದ ಹೊತ್ತು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡ್ಬೇಕು ಅಂತಾರೆ."

"ನಿಮ್ಮ ಎಳ್ಳು ಇನ್ನೂ ಡಬ್ಬೀಲೇ ಇದೆ ಕಣಮ್ಮ. ನಾನಿನ್ನೂ ತಿಂದಿಲ್ಲ."

ಭಾಷೆ ತಿಳಿಯದ ಗಸ್ತಿನವರು ಕೂಡ ಬ್ಯಾಂಡೇಜು ಸುತ್ತುವುದರಲ್ಲಿ ಮುಳುಗಿದಂತೆ ನಟಿಸಿದರು. ಆತ ಸುತ್ತ ನೋಡಿದ. ಹೇಳದೆ ವಿಧಿಯಿಲ್ಲ ಎಂದು ಗೊತ್ತಾಯಿತು. ಸರಿ, ಹೇಳುತ್ತಾನೆ ಎಂದುಕೊಂಡೆ. ಹೇಳಿದ. ನನ್ನ ಗಂಡನ ಭುಜದ ಮೇಲೆ ಕೈಯಿಟ್ಟು ಹೇಳಿದ.

"ಸಾರಿ ಮಗಾ. ಏನೋ ಆಗೋಯ್ತು."

"ಏ, ಇರ್ಲಿ ಬಿಡೋ," ಎಂದರು ನನ್ನ ಗಂಡ.

ಮುರಿದದ್ದು ಅವಳ ಕೈ, ಸಾರಿ ಹೋದದ್ದು ಅವರಿಗೆ. ಇವರ ಕಾರಿಗೆ ಆತ ಕಾರು ತಾಗಿಸಿದ್ದರೂ ಮಾತುಕತೆ ಹೀಗೆಯೇ ಆಗುತ್ತಿತ್ತು. ಮಂಚದ ಮೇಲಿದ್ದ ಮಗಳು ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು, ಆಮೇಲೆ ತನ್ನ ಕೈಯ ಹಲಗೆ ನೋಡಿಕೊಂಡಳು. ಆ ಕ್ಷಣದಲ್ಲಿ ನನಗೆ ಆತನ ಮೇಲಿದ್ದಷ್ಟೇ ಅಸಹ್ಯ ನನ್ನ ಗಂಡನ ಮೇಲೂ ಹುಟ್ಟಿತು. ಆತ ಬೆಳಗಿನಿಂದ ಹಾಗೇ ಇದ್ದ, ಇವರಿಂದ ನಾನು ಬೇರೆ ಏನನ್ನೋ ನಿರೀಕ್ಷಿಸಿದ್ದೆ.

ಕ್ಲಿನಿಕ್ಕಿನ ಡಾಕ್ಟರು ಮಕ್ಕಳ ಮೂಳೆ ಬೇಗ ಕೂಡುತ್ತದೆ, ಹೆದರಬೇಡಿ ಎಂದರು. ಮೂಳೆಯ ಬಗ್ಗೆ ನಾನು ಹೆದರಲಿಲ್ಲ. ಅವಳು ಆ "ರಾಂಗ್ ಸೈಡ್" ಎಂಬುದನ್ನು ಮನೆಗೆ ಹೊತ್ತುಕೊಂಡು ಬರುತ್ತಾಳೆ ಎಂಬುದೇ ನನ್ನ ಭಯವಾಗಿತ್ತು. ಮೇಲಿನಿಂದ ಯಾರೋ ಬಂದು ಹೊಡೆದಾಗಲೆಲ್ಲ ತಾನು ಸರಿದ ಕಡೆ ಸರಿಯಿರಲಿಲ್ಲ ಎಂದುಕೊಳ್ಳುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಬ್ಬಳು ಕೋಕೋ ಕುಡಿದು ಮುಗಿಸಿ ನಮ್ಮ ಜತೆಗೇ ಬಸ್ಸು ಹತ್ತಿದ್ದಳು. ನನ್ನ ಮಗಳು ಆ ಸಾಲಿಗೆ ಸೇರುವುದು ನನಗೆ ಬೇಕಿರಲಿಲ್ಲ.

ಸಂಜೆ ಬಸ್ಸು ಹೊರಟಿತು. ಮಗಳು ಕಿಟಕಿಯ ಪಕ್ಕ, ನಡುವೆ ನಾನು, ದಾರಿಯ ಆಚೆಯ ಸೀಟಿನಲ್ಲಿ ಅವಳ ಅಪ್ಪ. ಆ ದಂಪತಿಗಳು ನಮ್ಮ ಮುಂದಿನ ಸಾಲಿನಲ್ಲಿ, ಆತನೂ ಕಿಟಕಿಯ ಕಡೆಗೇ. ಬೆಟ್ಟ ಇಳಿದ ಮೇಲೆ ಮಗಳು ಮೆಲ್ಲಗೆ ಕೇಳಿದಳು.

"ಅಮ್ಮಾ, ವಿಚ್ ಸೈಡ್ ಹೋಗ್ಬೇಕಿತ್ತು?"

ನಾನು ಉತ್ತರ ಕೊಡುವ ಮೊದಲೇ ಅವಳ ಅಪ್ಪ ಈಚೆಗೆ ಬಾಗಿದರು. ಪ್ರಶ್ನೆ ಕೇಳಿದರೆ ಬಿಡಿಸಬೇಕಲ್ಲ, ಇಂಜಿನಿಯರು. ಗಾಳಿಯಲ್ಲಿ ಬೆರಳಿನಿಂದ ಇಳಿಜಾರು ಬರೆದು, "ಇನ್ನೂ ಎಡಕ್ಕೆ ಪುಟ್ಟಿ. ನೆಟ್ ಕಡೆ ಸ್ವಲ್ಪ ಜಾಗ ಇತ್ತಲ್ಲ, ಅಲ್ಲಿಗೆ ಹೋಗಿದ್ರೆ..." ಎಂದರು.

"ಎಲ್ಲಿಗೂ ಇಲ್ಲ," ಎಂದೆ ನಾನು. ದನಿ ಜೋರಾಯಿತು, ಬಸ್ಸಿನವರು ತಿರುಗಿದರು, ತಿರುಗಲಿ. "ನೀನು ನಿಂತಿದ್ದೇ ಸರಿ. ಸರಿಯೋದು ನಿನ್ನ ಕೆಲಸ ಅಲ್ಲ, ನಿಲ್ಲಿಸೋದು ಅಂಕಲ್ ಕೆಲಸ. ಅವರಿಗೆ ನಿಲ್ಲಿಸೋಕೆ ಬರಲ್ಲ. ಬರಲ್ಲ ಅಂತ ಒಪ್ಕೊಳ್ಳೋಕೂ ಬರಲ್ಲ."

"ಬಟ್ ಅಂಕಲ್ ಹೇಳಿದ್ರಲ್ಲ, ಪರ್ವಾಗಿಲ್ಲ ಅಂತ," ಎಂದಳು ಮಗಳು. "ದಟ್ ಮೀನ್ಸ್ ನಂದೇ ತಪ್ಪು."

ನನ್ನ ಗಂಡನ ಬೆರಳು ಗಾಳಿಯಲ್ಲೇ ನಿಂತಿತು. ಅವಳನ್ನು ನೋಡಿದರು, ಅವಳ ಕೈ ನೋಡಿದರು. ಕಾಲೇಜಿನ ನಗೆ ಅವರ ಮುಖದಿಂದ ಆ ದಿನ ಮೊದಲ ಬಾರಿಗೆ ಇಳಿಯಿತು. ಎದ್ದು, ಸೀಟಿನ ಹಿಡಿಕೆ ಹಿಡಿದುಕೊಂಡು ಮುಂದಿನ ಸಾಲಿಗೆ ಹೋದರು.

"ಲೋ. ಏಳೋ. ನಂಗೆ ಹೇಳಿದ್ ಸಾರಿ ಅವಳಿಗೆ ಹೇಳ್ಬೇಕಿತ್ತು. ಬಂದು ಹೇಳು."

ಸ್ವಲ್ಪ ಹೊತ್ತಿಗೆ ಒಂದು ಗೊರಕೆ ಕೇಳಿಸಿತು. ಇಷ್ಟು ಹೊತ್ತು ಅದು ಇರಲಿಲ್ಲ.

"ನಿದ್ದೆ ಮಾಡ್ತಿದಾರೆ ಅಣ್ಣಾ," ಎಂದಳು ಹೆಂಡತಿ, ಮಡಿಲ ಮೇಲಿನ ಎಳ್ಳುಬೆಲ್ಲದ ಡಬ್ಬಿಯನ್ನೇ ನೋಡುತ್ತ.

"ಏಳೋ," ಎಂದು ಇವರು ಭುಜ ಅಲುಗಾಡಿಸಿದರು. ಗೊರಕೆ ಇನ್ನಷ್ಟು ದೊಡ್ಡದಾಯಿತು. ಇವರು ಅಲ್ಲೇ ನಿಂತುಕೊಂಡರು, ಡ್ರೈವರು ಕೂತುಕೊಳ್ಳಿ ಎಂದು ಮೈಕಿನಲ್ಲಿ ಹೇಳಿದ ಮೇಲೂ ನಿಂತೇ ಇದ್ದರು.

ಬಸ್ಸು ಒಂದು ಸುರಂಗದೊಳಗೆ ಹೊಕ್ಕಿತು. ಹೊರಗಿನದೆಲ್ಲ ಅಳಿಸಿಹೋಗಿ ಕಿಟಕಿಯ ಗಾಜುಗಳು ಕನ್ನಡಿಯಾದವು. ಮಗಳು ಮುಂದಿನ ಸಾಲಿನ ಗಾಜನ್ನೇ ನೋಡುತ್ತಿದ್ದಳು. ನೋಡಿ ನೋಡಿ, ಒಳ್ಳೆಯ ಕೈಯಿಂದ ನನ್ನ ತೋಳು ಎಳೆದು, ಕಿವಿಯ ಹತ್ತಿರ ಬಾಯಿ ತಂದಳು.

"ಅಮ್ಮಾ, ಅಂಕಲ್ ಕಣ್ಣು ಓಪನ್ ಇದೆ."

ನಾನೂ ನೋಡಿದೆ. ಇತ್ತು. ಗೊರಕೆ ಹೊಡೆಯುತ್ತ, ಕಣ್ಣು ಬಿಟ್ಟುಕೊಂಡು, ಸುರಂಗದ ಗೋಡೆ ನೋಡುತ್ತಿದ್ದ. ಮಗಳು ಸುಮಾರು ಹೊತ್ತು ಆ ಮುಖವನ್ನು ನೋಡಿದಳು, ಆಮೇಲೆ ಸೀಟಿಗೆ ಒರಗಿ ಕೂತಳು. ಯಾವ ಸೈಡಿಗೆ ಹೋಗಬೇಕಿತ್ತು ಎಂದು ಅವಳು ಮತ್ತೆ ಕೇಳಲಿಲ್ಲ.